ಮೆಟ್ಟು ಎಣಿಸುತ್ತಿದ್ದ ಚಂದ್ರಯ್ಯ

ಬೆಳಗಿನ ಐದೂವರೆ. ಹೇಮಾವತಿಯ ಮೇಲೆ ಕವಿದ ಮಂಜು ಇನ್ನೂ ಎದ್ದಿಲ್ಲ. ಅತ್ತಿಕಡವಿನ ದಂಡೆಯಲ್ಲಿ ಹರಿಗೋಲನ್ನು ಬೆನ್ನ ಮೇಲೆ ಕವುಚಿಕೊಂಡು ಒಬ್ಬರು ಇಳಿದು ಬರುತ್ತಿದ್ದಾರೆ. ಹರಿಗೋಲನ್ನು ಮರಳಿನ ಮೇಲಿಟ್ಟವರೇ ಮೊದಲು ಮಾಡುವ ಕೆಲಸ, ಒಂದು ಬೊಗಸೆ ನೀರು ಎತ್ತಿ ಮೂಸುವುದು. ಮೂಸಿ, ಬಾಯಿಗೆ ಹಾಕಿ ಉಗಿದು, ಹೊಳೆ ಬರುವ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನಿಲ್ಲುತ್ತಾರೆ. ಇವತ್ತು ಭಾನುವಾರ. ಹಾಸನದ ಮೊದಲ ಬಸ್ಸಿಗೆ ಇನ್ನೂ ಎರಡೂವರೆ ಗಂಟೆ ಇದೆ.

"ಮ್ಯಾಗಡೆ ಎಲ್ಲೋ ಮಳೆ ಉಯ್ದದೆ ಸಾ. ನೀರ್ನಾಗೆ ಮಣ್ ವಾಸ್ನೆ ಬತ್ತಾ ಅದೆ. ಮದ್ಯಾನದ ಮ್ಯಾಲೆ ಗಡ್ಡೆ ಮ್ಯಾಲೆ ಒಬ್ರುನ್ನೂ ಬುಡಾಕಿಲ್ಲ. ಬೈಕಂಡ್ರೆ ಬೈಕಳ್ಳಿ," ಎನ್ನುತ್ತಾರೆ ಚಂದ್ರಯ್ಯ. ನಲವತ್ತಾರು ವರ್ಷದ ಆಳು. ನೀರಲ್ಲೇ ನಿಂತು ನಿಂತು ಕಾಲ್ಬೆರಳ ಸಂದಿ ಬೆಳ್ಳಗೆ ಸೆಲೆತುಹೋಗಿದೆ. ಹುಟ್ಟು ಹಾಕುವ ಬಲಗೈ ಎಡಗೈಗಿಂತ ಒಂದು ಹಿಡಿ ದಪ್ಪ.

ಗೊರೂರಿನಿಂದ ಕೆಳಗೆ, ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ಒಂದು ನಡುಗಡ್ಡೆ ಇದೆ. ಅದರ ಮೇಲೆ ಹೊಯ್ಸಳರ ಕಾಲದ್ದೆಂದು ಎಲ್ಲರೂ ಹೇಳುವ ಒಂದು ಈಶ್ವರನ ಗುಡಿ. ಸುತ್ತ ಪ್ರಾಕಾರ, ಬಾಗಿಲಲ್ಲಿ ಒಂದು ಹುಣಸೆಮರ, ಮುಂದೆ ಹಾಸಿಗೆ ಹಾಸಿದಂಥ ಮರಳು. ಈಚೆಗೆ ಪೇಟೆಯ ಜನಕ್ಕೆ ಭಾನುವಾರ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ ನೋಡಿ. ಬೆಳಿಗ್ಗೆ ಕೊರವಂಗಲದ ಗುಡಿ ನೋಡಿ, ಮಧ್ಯಾಹ್ನಕ್ಕೆ ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಒಬ್ಬರ ಕೊರಳಲ್ಲಿ ಕ್ಯಾಮೆರಾ, ಇನ್ನೊಬ್ಬರ ಕಂಕುಳಲ್ಲಿ ಗ್ರಾಮಾಫೋನು. ಗುಡಿಯ ಶಿಲ್ಪಿ ಯಾರು, ಕಟ್ಟಿಸಿದ ರಾಜ ಯಾರು ಎಂದು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ದಾಟಿಸಿದವನ ಹೆಸರು ಕೇಳಿದವರನ್ನು ಮಾತ್ರ ಚಂದ್ರಯ್ಯ ಒಂದು ಕೈಯ ಬೆರಳಲ್ಲಿ ಎಣಿಸಬಲ್ಲರು.

ವಾರದ ದಿನಗಳಲ್ಲಿ ದಿನಕ್ಕೆ ಎಂಟು ಹತ್ತು ಸಲ ಆಚೆ ಈಚೆ. ಹುಲ್ಲಿನ ಹೊರೆಯವರು, ಸೊಪ್ಪು ಮಾರುವ ಹೆಂಗಸರು, ಕುರಿ, ಒಮ್ಮೊಮ್ಮೆ ಹೆರಿಗೆ ನೋವಿನ ಬಸುರಿ. ಭಾನುವಾರ ಇಪ್ಪತ್ತಕ್ಕೆ ಕಮ್ಮಿ ಇಲ್ಲ. ಹರಿಗೋಲಿಗೆ ಹತ್ತೇ ಜನ. ಹನ್ನೊಂದನೆಯವರು ಮುನಿಸಿಪಾಲಿಟಿ ಪ್ರೆಸಿಡೆಂಟರ ಭಾವಮೈದುನನೇ ಆಗಿರಲಿ, ದಂಡೆಯಲ್ಲೇ ನಿಲ್ಲಬೇಕು. ಬಿದಿರ ದಬ್ಬೆ ಹೆಣೆದು ಎಮ್ಮೆಯ ಚರ್ಮ ಹೊದಿಸುವುದೂ ಅವರೇ, ಹರಿದಾಗ ಹೊಲಿಯುವುದೂ ಅವರೇ. ಅಪ್ಪ ಗುಂಡಯ್ಯ ಕಣ್ಣು ಮುಚ್ಚಿದಾಗ ಕೈಗೆ ಬಂದ ಹುಟ್ಟು ಇದು. ಹದಿನೆಂಟು ವರ್ಷವಾಯಿತು. ಹೆಂಡತಿ ಮಾಯಮ್ಮ ದಂಡೆಯ ಜಮೀನುದಾರ ರಾಮಣ್ಣನವರ ಗದ್ದೆಯಲ್ಲಿ ಕೂಲಿ ಮಾಡುತ್ತಾರೆ.

ಇಷ್ಟು ವರ್ಷದಲ್ಲಿ ಒಂದು ಜೀವವೂ ಹೋಗಿಲ್ಲ. ಹೋಗುವುದಿತ್ತು, ಕಳೆದ ವರ್ಷ, ಜೂನ್ ತಿಂಗಳ ಒಂದು ಭಾನುವಾರ. ಆ ಮಾತು ಎತ್ತಿದರೆ ಚಂದ್ರಯ್ಯನವರ ಕೈ ತಂತಾನೇ ಹುಟ್ಟನ್ನು ಬಿಗಿಯಾಗಿ ಹಿಡಿಯುತ್ತದೆ.

ಅಪ್ಪ ಕಲಿಸಿದ ಪಾಠ ಎರಡು. ಹೊಳೆಯ ಮೇಲೆ ತಲೆ ಎಣಿಸಬಾರದು. ನಾವು ಎಣಿಸಿದರೆ ಗಂಗಮ್ಮನೂ ಎಣಿಸಿಕೊಳ್ಳುತ್ತಾಳೆ ಎಂದು ಹರಿಗೋಲಿನವರ ನಂಬಿಕೆ. ಇನ್ನೊಂದು, ಗುಡಿಯ ಹೊಸಿಲು ದಾಟಬಾರದು. ಎಲ್ಲ ಜಾತಿಯವರಿಗೂ ಗುಡಿಯ ಬಾಗಿಲು ತೆರೆದ ಕಾನೂನು ಬಂದು ಎಷ್ಟೋ ವರ್ಷವಾಯಿತು. ಒಳಗೆ ಬರಬೇಡ ಎಂದು ಈಗ ಯಾರೂ ಅಂದಿಲ್ಲ. ಬಾ ಎಂದೂ ಯಾರೂ ಅಂದಿಲ್ಲ. ಜನ ಒಳಗೆ ಹೋದರೆ ಚಂದ್ರಯ್ಯ ಹುಣಸೆಮರದ ಕೆಳಗೆ ಕೂರುತ್ತಿದ್ದರು. "ನೋಡ್ಕೊಳ್ಳಪ್ಪಾ" ಎಂದು ಎಲ್ಲರೂ ಮೆಟ್ಟು ಬಿಟ್ಟು ಹೋಗುವುದು ಅಲ್ಲೇ. ತಲೆ ಎಣಿಸುವಂತಿಲ್ಲ, ಒಳಗೆ ಹೋಗಿ ನೋಡುವಂತಿಲ್ಲ. ಹಾಗಾಗಿ ಅವರು ಮೆಟ್ಟು ಎಣಿಸುತ್ತಿದ್ದರು. ಮರದ ಕೆಳಗೆ ಒಂದು ಜೊತೆಯೂ ಉಳಿದಿಲ್ಲವೆಂದರೆ ಒಳಗೆ ಯಾರೂ ಉಳಿದಿಲ್ಲ. ಅಪ್ಪನೂ ಹೀಗೇ ಮಾಡುತ್ತಿದ್ದ. ಒಂದು ದಿನವೂ ತಪ್ಪಿರಲಿಲ್ಲ.

ಆ ಭಾನುವಾರ ಚನ್ನರಾಯಪಟ್ಟಣದಿಂದ ಒಂದು ಬಸ್ಸು ತುಂಬ ಜನ ಬಂದಿದ್ದರು. ನೆತ್ತಿಯ ಮೇಲೆ ಸುಡುವ ಬಿಸಿಲು, ಒಂದು ಚೂರು ಮೋಡವಿಲ್ಲ. ಮೂರು ಗಂಟೆಯ ಹೊತ್ತಿಗೆ ನೀರಿನ ಬಣ್ಣ ತಿರುಗಿತು. ಸಕಲೇಶಪುರದ ಕಡೆ ಸುರಿದದ್ದು ಇಲ್ಲಿಗೆ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಮುಟ್ಟಿದ ಮೇಲೆ ಮಾತ್ರ ತಡೆಯುವುದಿಲ್ಲ. ಕೆಂಪು ನೀರು, ನೊರೆ, ಅದರ ಮೇಲೆ ಕಾಫಿ ಗಿಡದ ಎಲೆ. ಚಂದ್ರಯ್ಯ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದರು. ಜನ ಗೊಣಗುತ್ತ ಹೊರಬಂದರು. "ಎಲ್ಲಯ್ಯಾ ಮಳೆ? ಮನೆಗೆ ಹೋಗೋ ಆತುರ ನಿನಗೆ," ಎಂದು ಒಬ್ಬರು ನಕ್ಕರು ಕೂಡ.

ಮೂರು ಸಲ ದಾಟಿಸಿದ್ದಾಯಿತು. ನಾಲ್ಕನೆಯದಕ್ಕೆ ಮುಂಚೆ ಮರದ ಕೆಳಗೆ ನೋಡಿದರು: ಒಂದು ಮೆಟ್ಟೂ ಇಲ್ಲ. ಬಾಗಿಲಿಗೆ ಹೋಗಿ ಮತ್ತೊಮ್ಮೆ ಕೂಗಿದರು. ಉತ್ತರವಿಲ್ಲ. ಗಡ್ಡೆಯ ಏಳು ಮೆಟ್ಟಿಲಲ್ಲಿ ನಾಲ್ಕು ಮಾತ್ರ ಕಾಣುತ್ತಿದ್ದವು. ಹರಿಗೋಲು ಬಿಟ್ಟರು.

ಈಚೆ ದಂಡೆಗೆ ಕಾಲಿಟ್ಟಾಗ, ಮೊದಲ ಸಲದಲ್ಲೇ ಮಕ್ಕಳೊಂದಿಗೆ ಬಂದಿದ್ದ ನೀಲಗಂಗಮ್ಮ ಎಂಬಾಕೆ ಕೊನೆಯ ಸಲ ಬಂದಿಳಿದ ತನ್ನ ಗಂಡನ ಹಿಂದೆ ಮುಂದೆ ನೋಡಿದರು.

"ಅತ್ತೆ ಎಲ್ಲಿ?"

"ಅಮ್ಮ ನಿನ್ನ ಜೊತೆ ಬಂದ್ರು ಅಂದ್ಕೊಂಡೆ," ಎಂದರು ಗಂಡ.

ಚಂದ್ರಯ್ಯ ಹಗ್ಗ ಹಿಡಿದೇ ತಿರುಗಿದರು. "ಮೆಟ್ಟು ಒಂದೂ ಇರ್ನಿಲ್ಲ ಬುದ್ದಿ," ಎಂದರು. ಅದನ್ನೇ ಎರಡು ಸಲ ಹೇಳಿದರು.

"ಅವರು ಮೆಟ್ಟು ಹಾಕಲ್ಲಪ್ಪ," ಎಂದರು ನೀಲಗಂಗಮ್ಮ. "ಹರಕೆ ಹೊತ್ತಿದಾರೆ, ಮನೆಯಿಂದಾನೇ ಬರಿಗಾಲಲ್ಲಿ ಬಂದಿದ್ರು. ಕಿವಿ ಬೇರೆ ಕೇಳಲ್ಲ."

ಅಜ್ಜಿಯ ಹೆಸರು ಲಕ್ಷ್ಮಿದೇವಮ್ಮ. ವಯಸ್ಸು ಎಪ್ಪತ್ತರ ಮೇಲೆ. ಹೊಳೆಯ ಸದ್ದು ಆಗಲೇ ಬದಲಾಗಿತ್ತು. ಹತ್ತಿರ ನಿಂತವರ ಮಾತೂ ಕೇಳದಷ್ಟು ಮೊರೆಯುತ್ತಿತ್ತು. ಗದ್ದೆಯಿಂದ ಓಡಿಬಂದ ರಾಮಣ್ಣನವರು ಚಂದ್ರಯ್ಯನವರ ರಟ್ಟೆ ಹಿಡಿದರು. "ಬ್ಯಾಡ ಕಣ್ಲಾ ಚಂದ್ರ. ಈಗ ಬುಟ್ರೆ ಒಂದಲ್ಲ, ಎಲ್ಡು ಜೀವ ಓಯ್ತದೆ. ನಿನ್ ಎಂಡ್ತಿ ಮಕ ನೋಡು."

ಮಾಯಮ್ಮ ಅಲ್ಲೇ ನಿಂತಿದ್ದರು, ಮೊಣಕಾಲ ತನಕ ಗದ್ದೆ ಕೆಸರು. ಬೇಡ ಎನ್ನಲಿಲ್ಲ, ಹೋಗು ಎನ್ನಲಿಲ್ಲ. "ಅವ್ಳು ಬ್ಯಾಡ ಅಂದಿದ್ರೆ ನಿಂತ್ಬುಡ್ತಿದ್ನೇನೋ. ನಂಗೂ ಜೀವದ್ ಆಸೆ ಇಲ್ವಾ ಸಾ. ಆದ್ರೆ ಎಣಿಸ್ದೋನು ನಾನು. ಆ ಮೇಷ್ಟ್ರು ಮುಂದೆ ನಿಂತ್ಕಂಡು ಉಸುರಾಡಾದಾದ್ರೂ ಎಂಗೆ," ಎನ್ನುತ್ತಾರೆ ಚಂದ್ರಯ್ಯ. ಲಕ್ಷ್ಮಿದೇವಮ್ಮನ ಮಗ ಶಾಲಾ ಮೇಷ್ಟ್ರು. ಆತ ಒಂದು ಬಿರುನುಡಿಯನ್ನೂ ಆಡಲಿಲ್ಲವಂತೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೀದಾ ದಾಟಲು ಆಗುವ ಮಾತಲ್ಲ. ಹರಿಗೋಲನ್ನು ಬೆನ್ನ ಮೇಲೆ ಹೊತ್ತು ಎರಡು ಫರ್ಲಾಂಗು ಮೇಲಕ್ಕೆ ಓಡಿದರು. ಅಲ್ಲಿಂದ ಬಿಟ್ಟರೆ ಸೆಳವೇ ಎಳೆದು ತಂದು ಗಡ್ಡೆಗೆ ಹಾಕಬೇಕು. ಹಾಕದಿದ್ದರೆ ಕೆಳಗೆ ಬಂಡೆ. ಎರಡು ಸಲ ಹರಿಗೋಲು ಬುಗುರಿಯಂತೆ ಸುತ್ತಿತು. ಒಂದು ಮರದ ದಿಮ್ಮಿ ಗೇಣಳತೆಯಲ್ಲಿ ಹಾದುಹೋಯಿತು. ಗಡ್ಡೆಯ ತುದಿಯ ಲಕ್ಕಿಗಿಡ ಕೈಗೆ ಸಿಕ್ಕಾಗ ಅಂಗೈ ಸುಲಿದು ರಕ್ತ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಹಗ್ಗವನ್ನು ಹುಣಸೆಯ ಬೇರಿಗೆ ಬಿಗಿದು ಗುಡಿಯ ಬಾಗಿಲಿಗೆ ಓಡಿದರು.

ಓಡಿದವರು ಹೊಸಿಲ ಮುಂದೆ ನಿಂತುಬಿಟ್ಟರು. ಕಾಲು ಏಳಲಿಲ್ಲ. ನಲವತ್ತೈದು ವರ್ಷದ ಅಭ್ಯಾಸ, ಸುಮ್ಮನೆ ಬಿಡುತ್ತದೆಯೇ? ಗಡ್ಡೆಯ ಮೇಲೆ ಒಂದು ನರಪಿಳ್ಳೆ ಇಲ್ಲ, ಪೂಜೆಯವರು ಬರುವುದು ಸೋಮವಾರ, ತಡೆಯುವವರಂತೂ ಯಾರೂ ಇಲ್ಲ. ಆದರೂ ಹೊರಗೇ ನಿಂತು "ಅವ್ವಾ, ಅವ್ವಾ" ಎಂದು ಕೂಗಿದರು. ಕಿವಿ ಕೇಳದವರನ್ನು ಕೂಗುತ್ತಿದ್ದೇನೆ ಎಂಬುದು ಮೂರನೆಯ ಕೂಗಿಗೆ ಹೊಳೆಯಿತು. ಅಷ್ಟರಲ್ಲಿ ನೀರು ಮರದ ಬುಡಕ್ಕೆ ಬಂದಿತ್ತು. ಕಣ್ಣು ಮುಚ್ಚಿಕೊಂಡು ದಾಟಿದರು.

ಲಕ್ಷ್ಮಿದೇವಮ್ಮ ನವರಂಗದ ಒಂದು ಕಂಬಕ್ಕೆ ಒರಗಿ, ಸೆರಗು ಹೊದ್ದು, ತಣ್ಣಗೆ ನಿದ್ದೆ ಹೋಗಿದ್ದರು. ಬಿಸಿಲಲ್ಲಿ ಬರಿಗಾಲಲ್ಲಿ ನಡೆದ ಆಯಾಸ. ಭುಜ ಮುಟ್ಟಿ ಅಲುಗಿಸಿದರೆ ಕಣ್ಣು ಬಿಟ್ಟು, "ಎಲ್ಲಾರೂ ಊಟ ಮಾಡಿದ್ರಾಪ್ಪಾ?" ಎಂದರು. ಏನು ಹೇಳಿದರೂ ಕೇಳಿಸದು. ಚಂದ್ರಯ್ಯ ಕುಕ್ಕುರುಗಾಲಲ್ಲಿ ಕೂತು ಬೆನ್ನು ತೋರಿಸಿದರು. ಮುದುಕಿ ಒಂದು ಗಳಿಗೆ ಆ ಬೆನ್ನನ್ನು ನೋಡಿ, ಏನು ಅರ್ಥವಾಯಿತೋ, ಕೊರಳಿಗೆ ಕೈ ಹಾಕಿ ಹತ್ತಿಕೊಂಡರು.

ವಾಪಸ್ಸು ಬಂದದ್ದನ್ನು ಚಂದ್ರಯ್ಯ ಸರಿಯಾಗಿ ಹೇಳಲಾರರು. ಅರ್ಧ ಮೈಲಿ ಕೆಳಗೆ, ಯಾರದೋ ಕಬ್ಬಿನ ಗದ್ದೆಯ ಬದುವಿಗೆ ಹರಿಗೋಲು ಬಡಿಯಿತು. ದಂಡೆಗುಂಟ ಓಡಿಬಂದ ಜನ ಎಳೆದುಕೊಂಡರು. ಹುಟ್ಟು ಮುರಿದಿತ್ತು, ತಳದ ಚರ್ಮ ಮೊಳದುದ್ದ ಹರಿದಿತ್ತು. ಮೇಷ್ಟ್ರು ಕೈಮುಗಿದರು. ಒಳಗೆ ಹೋಗಿದ್ದೆಯಾ ಎಂದು ಯಾರೂ ಕೇಳಲಿಲ್ಲ. ಬೇಕೆಂದೇ ಕೇಳದೆ ಇದ್ದದ್ದೂ ಚಂದ್ರಯ್ಯನವರಿಗೆ ಗೊತ್ತಾಯಿತು.

ಈಗ ಅವರು ತಲೆಯನ್ನೇ ಎಣಿಸುತ್ತಾರೆ, ಗಟ್ಟಿಯಾಗಿ, ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಸೊಪ್ಪಿನ ಹೆಂಗಸರು ಅಪಶಕುನವೆಂದು ಮುಖ ಸಿಂಡರಿಸುತ್ತಾರೆ. "ಗಂಗಮ್ಮ ಎಣಿಸ್ಕಂಡ್ರೆ ಎಣಿಸ್ಕಳ್ಳಿ. ನನ್ ಲೆಕ್ಕ ನನ್ತಾವ ಇರ್ಲಿ," ಎಂಬುದು ಅವರ ಉತ್ತರ. ಆದರೆ ಗುಡಿಯ ಹೊಸಿಲನ್ನು ಮಾತ್ರ ಆಮೇಲೆ ದಾಟಿಲ್ಲ. ಆ ದಿನ ದಾಟಿದ್ದು ಒಂದು ಜೀವಕ್ಕಾಗಿ. ಸುಮ್ಮನೆ ಹೋಗಲು ಇನ್ನೂ ಧೈರ್ಯ ಸಾಲುತ್ತಿಲ್ಲ.

ಆವತ್ತು ಸಂಜೆ ಅಂಗೈಗೆ ಅರಿಶಿನ ಮೆತ್ತುತ್ತ ಮಾಯಮ್ಮ ಕೇಳಿದ್ದು ಒಂದೇ ಮಾತು: "ಒಳೀಕೆ ಓಗಿದ್ಯಲ್ಲ, ದ್ಯಾವ್ರು ಎಂಗವ್ನೆ?"

ಚಂದ್ರಯ್ಯ ಎಷ್ಟು ನೆನೆದರೂ ಏನೂ ನೆನಪಾಗಲಿಲ್ಲ. ಕಂಬ ನೆನಪಿತ್ತು, ಮುದುಕಿ ನೆನಪಿತ್ತು, ಅಷ್ಟೇ.

ಬಸ್ಸಿನ ಹಾರ್ನ್ ಕೇಳಿಸುತ್ತದೆ. ಚಂದ್ರಯ್ಯ ಹರಿಗೋಲನ್ನು ನೀರಿಗೆ ನೂಕುತ್ತ ಹೇಳುತ್ತಾರೆ: "ಅದಿನೆಂಟ್ ವರ್ಸ ಎಲ್ಲಾರ್ನೂ ನೋಡಕ್ಕೆ ಕರ್ಕೊಂಡೋಗೀವ್ನಿ. ನಾನು ಓದ್ ದಿನ ನೋಡಕ್ಕೆ ಪುರಸತ್ತೇ ಇರ್ನಿಲ್ಲ ಸಾ. ನೀರು ಇಳೀಲಿ. ಒಂದಿನ ಮಾಯಮ್ಮನ್ನೂ ಕರ್ಕಂಡು ಓಗ್ತೀನಿ, ಸುಮ್ಕೆ ನಿಂತ್ಕಂಡು ನೋಡಕ್ಕೆ."