ತುರುಬಿನಲ್ಲೊಂದು ಪೆನ್ನು

ತುರುಬಿನ ಎಡಕ್ಕೆ ಕನಕಾಂಬರ, ಬಲಕ್ಕೆ ನೀಲಿ ಮುಚ್ಚಳದ ಪೆನ್ನು. ನಮ್ಮೂರಿನ ನರ್ಸಮ್ಮನನ್ನು ಹಿಂದಿನಿಂದ ನೋಡಿದರೂ ಗುರುತು ಸಿಕ್ಕುತ್ತಿತ್ತು. ಸೀರೆಗೆ ಜೇಬಿಲ್ಲ, ಲಸಿಕೆ ಚೀಲದಲ್ಲಿ ಹಾಕಿದರೆ ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ಪೆನ್ನಿಗೆ ತುರುಬೇ ಗೂಡು. ನಾವು ನಕ್ಕರೆ, “ಊವ ಸಂಜೆಗ ಬಾಡೋಯ್ತದ, ಪೆನ್ನು ಬಾಡಕಿಲ್ಲ ಕಣಮ್ಮಿ” ಎನ್ನುತ್ತಿದ್ದರು.

ಹಂಗಳದಲ್ಲಿ ಬಸ್ಸಿಳಿದು ಕಾಡಿನ ಕಡೆಗೆ ಒಂದಷ್ಟು ದೂರ ನಡೆದರೆ ನಮ್ಮೂರು. ಉಡಿಗಾಲದಲ್ಲಿ ಹುಟ್ಟಿದ ಅವರು ಇಲ್ಲಿನ ಉಪಕೇಂದ್ರಕ್ಕೆ ಬಂದು ಇಪ್ಪತ್ತು ವರ್ಷಕ್ಕೂ ಮೇಲೆ ತಳವೂರಿದರು. ಬಸುರಿಯರ ತೂಕ, ಬಿ.ಪಿ., ಮಾತ್ರೆ ಎಲ್ಲ ಆಮೇಲೆ. ಮೊದಲು ತಾಯಿ ಕಾರ್ಡಿನ ಮೇಲೆ ಸಹಿ. ಹೆಬ್ಬೆಟ್ಟು ಒತ್ತಲು ಬಿಡುತ್ತಿರಲಿಲ್ಲ. ಸರ್ಕಾರ ಕೊಟ್ಟ ಇಂಕ್ ಪ್ಯಾಡಿನ ಡಬ್ಬಿಯಲ್ಲಿ ಸೂಜಿದಾರ ಇಟ್ಟುಕೊಂಡಿದ್ದರು. ಅಕ್ಷರ ಬಾರದವರನ್ನು ಬೆಂಚಿನ ಮೇಲೆ ಕೂರಿಸಿ, ಒಂಬತ್ತು ತಿಂಗಳು ತುಂಬುವುದರೊಳಗೆ ಅವರವರ ಹೆಸರು ಬರೆಯಲು ಕಲಿಸಿಬಿಡುತ್ತಿದ್ದರು. ಮೊದಲ ಬಸುರಿನಲ್ಲಿ ನನ್ನ ಜೊತೆಗೆ ಬಂದ ಅತ್ತೆಯನ್ನೂ ಬಿಡಲಿಲ್ಲ. “ಕಾಡು ಬಾ ಅಂತದ, ಊರು ಓಗು ಅಂತದ, ನಂಗ್ಯಾಕವ್ವ ಈಗ” ಎಂದು ಗೊಣಗುತ್ತಲೇ ಅತ್ತೆ ನಾಲ್ಕಕ್ಷರ ಕಲಿತರು.

ಅವರಿಗೇಕೆ ಈ ಹಟ ಎಂದು ನಿಮಗೆ ಅನ್ನಿಸಬಹುದು. ನಮ್ಮೂರಿನ ರೂಢಿ ಹೇಳುತ್ತೇನೆ ಕೇಳಿ. ಗ್ರಾಮಸಭೆಯ ಪುಸ್ತಕದಲ್ಲಿ ಹೆಂಗಸರ ಹೆಸರಿನ ಮುಂದೆ ಗಂಡಸರೇ ಸಹಿ ಹಾಕುತ್ತಿದ್ದರು. ಪಂಚಾಯ್ತಿ ಸದಸ್ಯೆ ಮನೆಯಲ್ಲಿ ಮುದ್ದೆ ತಿರುವುತ್ತಿದ್ದರೆ ಅವಳ ಕುರ್ಚಿಯಲ್ಲಿ ಗಂಡ ಕಾಲು ಮೇಲೆ ಕಾಲು ಹಾಕಿಕೊಂಡು ಕುಳಿತಿರುತ್ತಿದ್ದ. ಇದು ತಪ್ಪೆಂದು ಯಾರಿಗೂ, ನನಗೂ, ಅನ್ನಿಸಿರಲಿಲ್ಲ.

ನನ್ನ ಮಗಳಿಗೆ ಹತ್ತು ತಿಂಗಳಾಗಿದ್ದಾಗ ಮತ್ತೆ ತಿಂಗಳು ನಿಂತಿತು. ಮೊದಲ ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ಹಾಗಾಗಿದ್ದೆ. ಶಿಕ್ಷಕರ ಪರೀಕ್ಷೆಗೆ ಕಟ್ಟಿದ್ದೆ. ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದ ಗಂಡ ಬೆಂಕಿ ಕಾಯುವ ಕ್ಯಾಂಪಿನಲ್ಲಿದ್ದರು. ಮನೆಯಲ್ಲಿದ್ದರೂ ಅವರು ಅವ್ವ ಹಾಕಿದ ಗೆರೆ ದಾಟುವವರಲ್ಲ. ಅತ್ತೆಗೆ ಗಂಡು ಮೊಮ್ಮಗ ಬೇಕಿತ್ತು. ಉಪಕೇಂದ್ರದ ಬೆಂಚಿನ ಮೇಲೆ ಕುಳಿತು ನಾನು ಅತ್ತುಬಿಟ್ಟೆ. ನನ್ನ ಅಳು ನಿಂತ ಮೇಲೆ ನರ್ಸಮ್ಮ ಕೇಳಿದರು: “ನಿಂಗ ಏನ್ ಬೇಕು? ನಿಮ್ಮತ್ತೆಗಲ್ಲ, ನಿನ್ ಗಂಡಂಗಲ್ಲ. ನಿಂಗ.”

ಆ ಪ್ರಶ್ನೆಯನ್ನು ಅಲ್ಲಿಯ ತನಕ ಯಾರೂ ನನ್ನನ್ನು ಕೇಳಿರಲಿಲ್ಲ. ಸೀರೆ ಆರಿಸುವಾಗಲೂ ಕೇಳಿರಲಿಲ್ಲ. “ಬ್ಯಾಡ” ಎಂದೆ. “ಓಗಿ ಎರಡು ದಿನ ಯೋಚ್ನೆ ಮಾಡ್ಕಂಡು ಬಾ” ಎಂದರು. ಎರಡು ದಿನ ಬಿಟ್ಟು ಹೋಗಿ ಅದನ್ನೇ ಹೇಳಿದೆ.

ನನ್ನೊಡನೆ ಬಸ್ಸು ಹತ್ತಿ ಆಸ್ಪತ್ರೆಗೆ ಬಂದರು. ಯಾವ ಊರಿನ ಆಸ್ಪತ್ರೆ ಎಂಬುದು ಬೇಡ. ಅಲ್ಲಿನ ಗುಮಾಸ್ತ ಅರ್ಜಿ ನೋಡಿ, “ಗಂಡನ ಸಹಿ ಎಲ್ಲಮ್ಮ?” ಎಂದ.

“ಗಂಡನ ಸಹಿ ಬೇಕು ಅಂತ ಕಾನೂನ್ನಲ್ಲಿ ಎಲ್ಲಿ ಬರ್ದದ, ತೋರ್ಸಪ್ಪ. ಅವಳಿಗ ಹದ್ನೆಂಟು ತುಂಬಿ ಎಷ್ಟೋ ವರ್ಸ ಆಯ್ತು. ಅವಳೊಪ್ಪಿದ್ರ ಸಾಕು.”

“ಕಾನೂನು ಇರ್ಬೋದು, ಇಲ್ಲಿ ರೂಢಿ ಹಿಂಗೆ.”

“ರೂಢೀನ ನಿಮ್ಮನೇಲಿ ಇಟ್ಕ.”

ಗದ್ದಲ ಕೇಳಿ ಹೊರಗೆ ಬಂದ ಡಾಕ್ಟರಮ್ಮ, “ಅವರು ಹೇಳೋದೇ ಸರಿ” ಎಂದರು. ನರ್ಸಮ್ಮ ತುರುಬಿನಿಂದ ಪೆನ್ನು ಕಿತ್ತು ನನ್ನ ಕೈಗಿಟ್ಟರು. ಪದವಿ ಓದಿದವಳು ನಾನು, ಎಷ್ಟೋ ಕಡೆ ಸಹಿ ಹಾಕಿದ್ದೆ. ಆದರೂ ಅವತ್ತು ಹಾಕಿದ್ದೇ ನನ್ನ ಮೊದಲ ಸಹಿ ಎಂದು ಈಗಲೂ ಅನ್ನಿಸುತ್ತದೆ.

ಗಂಡನಿಗೆ ಆಮೇಲೆ ಹೇಳಿದೆ. ಮೂರು ದಿನ ಜಗಲಿಯ ಮೇಲೆ ಮಲಗಿದರು. ನಾಲ್ಕನೆಯ ದಿನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, “ನೀ ಓದ್ಕ ಓಗು” ಎಂದರು. ಅತ್ತೆಗೆ ಮಾತ್ರ ಇಬ್ಬರೂ ಹೇಳಲಿಲ್ಲ.

ಗುಮಾಸ್ತನ ಬಾಯಿಗೆ ಬೀಗ ಎಲ್ಲಿತ್ತು? ನಮ್ಮೂರಿನ ಯಾರೋ ಒಬ್ಬಳು ಗಂಡನ ಸಹಿ ಇಲ್ಲದೆ ಬಸಿರು ತೆಗೆಸಿಕೊಂಡಳೆಂದು, ನರ್ಸಮ್ಮನೇ ಜೊತೆಗೆ ಬಂದಿದ್ದಳೆಂದು ಸುದ್ದಿ ಹಬ್ಬಿತು. ಪಂಚಾಯ್ತಿ ಎಲೆಕ್ಷನ್ನು ಹತ್ತಿರವಿತ್ತು. ಊರಿನಲ್ಲಿ ಎರಡು ಪಾರ್ಟಿ: ಮೇಲಿನ ಬೀದಿ, ಕೆಳಗಿನ ಬೀದಿ. ಮೇಲಿನ ಬೀದಿಯ ಯಜಮಾನರು ಇದು ಮಹಾಪಾಪ, ನರ್ಸಮ್ಮನನ್ನು ಎತ್ತಂಗಡಿ ಮಾಡಿಸಬೇಕು ಎಂದರು. ಅವರು ಹಾಗೆಂದರು ಎಂಬ ಒಂದೇ ಕಾರಣಕ್ಕೆ ಕೆಳಗಿನ ಬೀದಿಯ ಯಜಮಾನರು ನರ್ಸಮ್ಮ ದೇವರಂಥವಳು ಎಂದರು. ಟೀ ಅಂಗಡಿಯಲ್ಲಿ ಬಸಿರು ಕಾಣದ ಗಂಡಸರದೇ ಚರ್ಚೆ. ಕೊನೆಗೆ ಗ್ರಾಮಸಭೆ ಕರೆದರು.

ಅವತ್ತು ಯಾರೂ ಕರೆಯದಿದ್ದರೂ ಹೆಂಗಸರು ಬಂದು ಕುಳಿತಿದ್ದರು. ಗಂಡನ ಒಪ್ಪಿಗೆ ಇಲ್ಲದೆ ಊರಿನ ಯಾವ ಹೆಂಗಸೂ ಗರ್ಭ ತೆಗೆಸಬಾರದು, ನರ್ಸಮ್ಮ ಇಲ್ಲಿರಬಾರದು ಎಂಬ ಠರಾವನ್ನು ಮೇಲಿನ ಬೀದಿಯ ಯಜಮಾನರು ಓದಿ, ಪಂಚಾಯ್ತಿ ಗೋಡೆಯ ಬರಹದ ಕಡೆ ಕೈ ಮಾಡಿದರು. “ಅಪರಾಧ ಅಂತ ಸರ್ಕಾರದೋರೇ ಬರ್ಸವ್ರ, ನೋಡಿ!”

ನರ್ಸಮ್ಮ ಎದ್ದರು. “ಪೂರ್ತಿ ಓದಿ ಯಜಮಾನ್ರೆ. ಒಟ್ಟೇಲಿರದು ಗಂಡೋ ಎಣ್ಣೋ ಅಂತ ನೋಡ್ಸದು ಅಪರಾಧ ಅಂತ ಬರ್ದಿರದು. ಬರ್ಸಿದವಳು ನಾನೆಯ. ಅದ ನೋಡ್ಸಿಕೊಡಿ ಅಂತ ನನ್ ತಾವ್ಕ ಯಾರ್‍ಯಾರು ಬಂದಿದ್ರು ಅನ್ನದೂ ಗೊತ್ತು. ಯೋಳಕಿಲ್ಲ.”

ಯಜಮಾನರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಅದೆಲ್ಲ ಬ್ಯಾಡ. ಅವಳ್ಯಾರು ಎಸ್ರು ಯೋಳು. ಯೋಳುದ್ರ ಇಲ್ಲೇ ಇರು, ಇಲ್ದಿದ್ರ ಗಂಟುಮೂಟೆ ಕಟ್ಟು.”

“ಕಟ್ತೀನಿ. ಎಸ್ರು ಮಾತ್ರ ಯೋಳಕಿಲ್ಲ.”

ಕೆಳಗಿನ ಬೀದಿಯ ಯಜಮಾನರು ಸಭೆಯ ಮುಖ ನೋಡಿ, ವೋಟಿನ ಗಾಳಿ ಎತ್ತ ಎಂದು ತಿಳಿಯದೆ ತಲೆ ಬಗ್ಗಿಸಿದರು. ಇಪ್ಪತ್ತು ವರ್ಷ ಊರಿನ ಮಕ್ಕಳನ್ನೆಲ್ಲ ಕೈಯಲ್ಲಿ ಹಿಡಿದ ಆ ಹೆಂಗಸು ಒಬ್ಬರೇ ನಿಂತಿದ್ದರು, ನನ್ನೊಬ್ಬಳಿಗೋಸ್ಕರ. ನನ್ನ ಪಕ್ಕದಲ್ಲೇ ಅತ್ತೆ ಕುಳಿತಿದ್ದರು. ಎದ್ದೆ.

“ನಾನೆಯ. ನನ್ ಸಹಿ ನಾನೇ ಹಾಕ್ದಿ.”

ಯಜಮಾನರು ಕೈಯಲ್ಲಿದ್ದ ಹಾಳೆ ಮೇಲೆತ್ತಿದರು. “ಇದು ನಾಚ್ಕೆಗೆಟ್ಟದ್ದು. ಊರಿನ ಎಂಗಸ್ರೆಲ್ಲ ಈ ಠರಾವ್ಗ ಒಪ್ಪವ್ರ. ಇಲ್ನೋಡಿ, ಸಹಿ!”

ಆಗ ಅತ್ತೆ ಎದ್ದರು. ನನಗೆ ಎರಡು ಬಿಗಿಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅವರು ನನ್ನನ್ನು ದಾಟಿ ಹೋಗಿ ಹಾಳೆ ಕಿತ್ತುಕೊಂಡರು. ಕಣ್ಣಿಗೆ ಹತ್ತಿರ ಹಿಡಿದು ಬೆರಳಿಟ್ಟು ಹುಡುಕಿದರು.

“ಇದು ನನ್ನೆಸ್ರು. ಯಾವನ್ಲಾ ಹಾಕ್ದವ್ನು? ನನ್ ಸಹಿ ಇಷ್ಟ್ ಚೆಂದಾಗಿಲ್ಲ ಕಣ್ಲಾ!”

ಸಭೆ ನಗೆಯಲ್ಲಿ ಮುಳುಗಿತು. ಅತ್ತೆ ನಗಲಿಲ್ಲ. “ನಂಗ ಏಳು ಮಕ್ಕಳಾದೊ. ಮೂರ ಮಣ್ಗಾಕ್ದಿ. ಬ್ಯಾಕ ಬ್ಯಾಡ್ವಾ ಅಂತ ಒಬ್ಬ ನನ್ ಮಗ ಕೇಳ್ನಿಲ್ಲ. ಆಗ ಯಾವ ಪಂಚಾಯ್ತಿ ಸೇರಿಸಿದ್ರಿ? ನನ್ ಸೊಸೆ ನಂಗ ಯೋಳ್ದೆ ಆಸ್ಪತ್ರೆಗ ಓದ್ಲು, ಅದ್ಕ ಮನೇಲಿ ಬೈತೀನಿ. ನೀನ್ಯಾರ್ಲಾ ಬೈಯಕ್ಕ?”

ಹೆಂಗಸರೆಲ್ಲ ಹಾಳೆಗೆ ಮುತ್ತಿದರು. ಇದು ನಂದಲ್ಲ, ಇದೂ ನಂದಲ್ಲ. ಹಾಕಿದವರೆಲ್ಲ ಅವರವರ ಗಂಡಂದಿರು, ಮೈದುನರು. ಪಾಪ, ಅದು ಮೋಸ ಎಂದೂ ಅವರಿಗೆ ಗೊತ್ತಿರಲಿಲ್ಲ; ಯಾವಾಗಲೂ ಹಾಕುವಂತೆ ಹಾಕಿದ್ದರು. ನರ್ಸಮ್ಮನ ಪೆನ್ನು ಕೈಯಿಂದ ಕೈಗೆ ಹೋಯಿತು. ಆ ಸಹಿಗಳನ್ನು ಹೊಡೆದುಹಾಕಿ, ಹಿಂಬದಿಯಲ್ಲಿ ಠರಾವು ಬೇಡವೆಂದು ಒಬ್ಬೊಬ್ಬರೇ ತಮ್ಮ ಹೆಸರು ಬರೆದರು. ಠರಾವು ಬಿತ್ತು. ಗೆದ್ದೆವು! ಆ ಸಂಜೆ ನಾವು ಬೀದಿಯಲ್ಲಿ ನಡೆದ ರೀತಿಯನ್ನು ನೀವು ನೋಡಬೇಕಿತ್ತು.

ಗಾಳಿ ತಿಳಿದ ಕೆಳಗಿನ ಬೀದಿಯ ಯಜಮಾನರು ಹಾರ ಹಿಡಿದು ಓಡಿ ಬಂದರು. ನರ್ಸಮ್ಮ ಅದನ್ನು ಅತ್ತೆಯ ಕೊರಳಿಗೆ ಹಾಕಿ, ಇಬ್ಬರೂ ಯಜಮಾನರಿಗೆ ಹೇಳಿದರು: “ಎಂಗಸ್ರ ಒಟ್ಟೆ ನಿಮ್ ಪಾರ್ಟಿ ಆಫೀಸಲ್ಲ ಕಣ್ರಪ್ಪ.” ಮುಂದೆ ಒಬ್ಬಳು, ಮೂರನೆಯದೂ ಹೆಣ್ಣೇ ಆದೀತೆಂದು ಅತ್ತೆಮನೆಯವರು ತೆಗೆಸಲು ಎಳೆದಾಗ, ತನಗೆ ಅದು ಬೇಕೆಂದಳು. ನರ್ಸಮ್ಮ ಅವಳ ಬಾಗಿಲಲ್ಲೂ ಹೀಗೇ ನಿಂತರು. ಆ ಕೂಸು ಈಗ ಅಂಗನವಾಡಿಯಲ್ಲಿದೆ.

ನಾನು ಪರೀಕ್ಷೆ ಪಾಸಾಗಿ ಮೇಷ್ಟ್ರಮ್ಮನಾದೆ. ಅತ್ತೆ ಹೇಳಿದ ಹಾಗೇ ಮನೆಯಲ್ಲಿ ಬೈದರು, ಒಂದು ವಾರ.

ನಿವೃತ್ತರಾಗಿ ಉಡಿಗಾಲಕ್ಕೆ ಮರಳಿದ್ದ ನರ್ಸಮ್ಮ ಈ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ನಮ್ಮೂರ ಗ್ರಾಮಸಭೆಯಲ್ಲಿ ಸಂತಾಪದ ಠರಾವಿಗೆ ಹೆಂಗಸರ ಸಾಲು ಬಾಗಿಲಾಚೆಗೂ ಇತ್ತು. ಅತ್ತೆಗೆ ಈಗ ಕಣ್ಣು ಮಂಜು, ಕೈ ನಡುಕ. ಹೊಸ ಕಾರ್ಯದರ್ಶಿ ಕನಿಕರದಿಂದ ಇಂಕ್ ಪ್ಯಾಡು ಮುಂದಿಟ್ಟು, “ಹೆಬ್ಬೆಟ್ಟು ಒತ್ತಿ ಸಾಕಜ್ಜಿ” ಎಂದ.

ಅತ್ತೆ ಪ್ಯಾಡನ್ನು ಆಚೆ ತಳ್ಳಿ ನನ್ನ ಕಡೆ ಕೈ ಚಾಚಿದರು. ನನ್ನ ತುರುಬಿನಿಂದ ಪೆನ್ನು ತೆಗೆದು ಕೊಟ್ಟೆ. ನಾಲ್ಕು ಅಕ್ಷರ ಬರೆಯಲು ತುಂಬಾ ಹೊತ್ತು ಹಿಡಿಯಿತು. ಸಾಲಿನಲ್ಲಿದ್ದ ಯಾರೂ ಅವಸರ ಮಾಡಲಿಲ್ಲ.