ದೀಪ ಆರಿಸಿದರೆ ಕಾಣುವ ದಾರಿ

ಮಗ ಒಂದು ದಿನ ಕೆಲಸದಿಂದ ಬರುವಾಗ ಸೈಕಲ್ ಹೆಗಲ ಮೇಲೆ ಹೊತ್ತು ತಂದ. ಪುಣೆಯ ಯೆರವಡಾದಲ್ಲಿ ನಮ್ಮ ಓಣಿ ಅಷ್ಟು ಇಕ್ಕಟ್ಟು, ತಳ್ಳಿಕೊಂಡು ಬಂದರೆ ಯಾರದಾದರೂ ಕೊಡಕ್ಕೆ ಬಡಿಯುತ್ತದೆ. ಟೈರು ಟ್ರ್ಯಾಕ್ಟರಿನ ಟೈರಿನ ಹಾಗೆ ಹಲ್ಲು ಹಲ್ಲು. ಮಡ್‌ಗಾರ್ಡ್ ಇಲ್ಲ, ಹಿಂದೆ ಕ್ಯಾರಿಯರ್ ಇಲ್ಲ, ಗಂಟೆಯೂ ಇಲ್ಲ. ನಾನು ಬಾಗಿಲಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದೆ. ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ನನ್ನ ಕೆಲಸ.

"ಇದರ ಮ್ಯಾಲ ರೊಟ್ಟಿ ಬುಟ್ಟಿ ಎಲ್ಲಿ ಇಡಬೇಕೋ?" ಅಂದೆ.

"ರೊಟ್ಟಿ ಒಯ್ಯಾಕಲ್ಲವಾ ಇದು. ಗುಡ್ಡ ಹತ್ತಾಕ."

"ಹತ್ತಿ ಏನ್ ತರ್ತಿ?"

"ಏನೂ ಇಲ್ಲ. ಹತ್ತೂದು, ಇಳಿಯೂದು. ಅದೂ ರಾತ್ರಿ."

ಒಳಗಿನಿಂದ ಸೊಸೆ, "ಆಯಿ, ನಿಮ್ಮ ಮಗಗ ಹುಚ್ಚ ಹಿಡದದ. ಹಗಲಿ ಬೀಳೂದು ಸಾಲಲಿಲ್ಲ ಅಂತ ರಾತ್ರಿ ಬೀಳ್ತಾನಂತ," ಅಂದಳು. ಅವಳು ಶಿರೂರು ಪೇಟೆಯ ಮರಾಠಿ ಹುಡುಗಿ. ಕನ್ನಡ ನಮ್ಮ ಮನೆಗೆ ಬಂದ ಮೇಲೆ ಕಲಿತದ್ದು. ಬೈಯಲಿಕ್ಕೆ ಮೊದಲು ಕಲಿತಳು.

ಮಗ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಮಾಲು ತುಂಬಿದ ಪೆಟ್ಟಿಗೆಗಳನ್ನು ಎತ್ತಿ ಒಂದು ಕಡೆಯಿಂದ ಇನ್ನೊಂದು ಕಡೆ ಇಡುವ ಗಾಡಿ ಅದು. ಹಗಲಿಡೀ ದೊಡ್ಡ ಶೆಡ್ಡಿನೊಳಗೆ, ನೆಲದ ಮೇಲೆ ಬಳಿದ ಹಳದಿ ಗೆರೆಯ ಪಕ್ಕದಲ್ಲೇ ಹೋಗಬೇಕು, ಬರಬೇಕು. ಅವನ ಮೇಲಿನ ಸಾಹೇಬರು ಧಾರವಾಡ ಕಡೆಯವರು. ಅವರಿಗೆ ಈ ಗುಡ್ಡದ ಸೈಕಲ್ಲಿನ ಗೀಳು. ಹಗಲು ಶಿಫ್ಟು ಇರುವವರಿಗೆ ಹೊತ್ತು ಮುಳುಗಿದ ಮೇಲಲ್ಲದೆ ಬೇರೆ ಬಿಡುವೆಲ್ಲಿ? ಕೆಲಸದ ಹುಡುಗರನ್ನು ಕಟ್ಟಿಕೊಂಡು ನಗರ ರಸ್ತೆ ಅನ್ನುವ ಹೆದ್ದಾರಿಯಾಚೆ ದನ ಮೇಯುವ ಟೇಕಡಿಗೆ ಹೋಗುತ್ತಿದ್ದರು. ಟೇಕಡಿ ಅಂದರೆ ನಮ್ಮ ಗುಡ್ಡವೇ, ಇಲ್ಲಿಯ ಮಾತು. ತಮ್ಮ ಹಳೆಯ ಸೈಕಲ್ಲನ್ನು ನನ್ನ ಮಗನಿಗೆ ಕೊಟ್ಟಿದ್ದರು.

ಕಲಿಸುವ ರೀತಿ ಚೆನ್ನಾಗಿಯೇ ಇತ್ತು. ಮೊದಲು ಬೆಳಕಿರುವಾಗ ಹೋಗಿ ದಾರಿ ನೋಡಿಕೊಳ್ಳಬೇಕು, ಎಲ್ಲಿ ಕಲ್ಲು, ಎಲ್ಲಿ ಕೊರಕಲು ಅಂತ. ಆಮೇಲೆ ಅದೇ ದಾರಿಗೆ ಮುಸ್ಸಂಜೆಯಲ್ಲಿ. ಅದು ರೂಢಿಯಾದ ಮೇಲೆ ಕತ್ತಲಲ್ಲಿ. ಒಬ್ಬನೇ ಹೋಗಬಾರದು. ಹ್ಯಾಂಡಲ್ಲಿಗೆ ಒಂದು ದೀಪ, ಹೆಲ್ಮೆಟ್ಟಿಗೆ ಒಂದು ದೀಪ. ಹ್ಯಾಂಡಲ್ಲಿನದು ದಾರಿಗೆ, ತಲೆಯದು ನೀನು ತಿರುಗಿ ನೋಡಿದ ಕಡೆಗೆ. ಟೈರಿನ ಗಾಳಿ ಸ್ವಲ್ಪ ಇಳಿಸಬೇಕು, ಆಗ ಕಲ್ಲು ಹಿಡಿಯುತ್ತದೆ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಹಿಂದಕ್ಕೆ ಸರಿಯಬೇಕು. ಮುಂದಿನ ಗಾಲಿ ನೋಡಬಾರದು, ಹೋಗಬೇಕಾದ ಕಡೆ ನೋಡಬೇಕು. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಅವನು ಮನೆಯೊಳಗೆ ಹೊರಸಿನ ತುದಿ ಹಿಡಿದು, ಕುಂಡೆ ಹಿಂದಕ್ಕೆ ಹಾಕಿ ತೋರಿಸುತ್ತಿದ್ದ. ಮೊಮ್ಮಗಳೂ ಅವನ ಹಿಂದೆ ಹಾಗೇ ನಿಲ್ಲುತ್ತಿದ್ದಳು.

ಮುಸ್ಸಂಜೆಯ ಸವಾರಿ ಇರುವ ತನಕ ಅವನು ಬಹಳ ಖುಷಿಯಾಗಿದ್ದ. ಊಟಕ್ಕೆ ಕೂತರೂ ಅದೇ ಮಾತು. ಅವನು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಕತ್ತಲ ಸವಾರಿ ಶುರುವಾದ ಮೇಲೆ ಬೀಳಲಿಕ್ಕೆ ಹತ್ತಿದ. ಮೊದಲ ಸಲ ಮೊಣಕೈ ಕೆತ್ತಿತ್ತು. ಹೊಸಬರು ಬೀಳುವವರೇ ಅಂದರಂತೆ ಸಾಹೇಬರು. ಮತ್ತೊಂದು ಸಲ ಜಾಲಿಕಂಟಿಯೊಳಗೆ ಬಿದ್ದು ಬಂದ. ನಾನು ಮುಳ್ಳು ತೆಗೆದೆ, ಸೊಸೆ ಅರಿಷಿಣ ಹಚ್ಚಿದಳು. ದೀಪ ಸಣ್ಣದಾಯಿತು ಅಂತ ದೊಡ್ಡ ದೀಪ ತಂದ. ಓಣಿಯಲ್ಲಿ ಹಚ್ಚಿ ನೋಡಿದರೆ ಎದುರು ಮನೆಯವರು ಬಾಗಿಲು ಹಾಕಿಕೊಂಡರು, ಅಷ್ಟು ಬೆಳಕು. ಆ ದೀಪ ಹಚ್ಚಿಕೊಂಡು ಹೋಗಿಯೂ ಬಿದ್ದ. ಅವತ್ತು ಹುಬ್ಬು ಒಡೆದಿತ್ತು. ಸಾಹೇಬರೇ ಗಾಡಿಯಲ್ಲಿ ಕರೆತಂದರು.

"ಚಿಂತಿ ಮಾಡಬ್ಯಾಡ್ರಿ ಅವ್ವಾರ, ಎಲ್ಲಾರೂ ಬೀಳ್ತಾರ್ರಿ," ಅಂದರು. ಚಹಾ ಕುಡಿಯುತ್ತಾ ನಕ್ಕರು. "ನಿಮ್ಮ ಮಗಂದು ಒಂದು ಚಂದ ಅದರಿ. ಹಗಲಿ ನೋಡಿಟ್ಟ ಕಷ್ಟದ ಜಾಗಾದಾಗ ಬೀಳಂಗಿಲ್ಲ. ಸಪಾಟ ದಾರ್‍ಯಾಗ ಬೀಳ್ತಾನ. ಇವತ್ತ ನಾ ದಾರಿ ಬಾಜೂಕ ನಿಂತೀನಿ, ನನ್ನ ಕಾಲ ಮ್ಯಾಲ ಏರಿಸಿಬಿಟ್ಟ."

ಮಗನೂ ನಕ್ಕ. ಸೊಸೆಯೂ ನಕ್ಕಳು. ನನಗೆ ನಗು ಬರಲಿಲ್ಲ. ಗಂಡ ನೆನಪಾದ.

ನನ್ನ ಗಂಡನ ವಿಷಯ ಹೇಳಬೇಕು. ಅವನು ನನ್ನ ತಾಯಿಯ ತಮ್ಮ, ನನ್ನ ಸೋದರಮಾವ. ಕಲಬುರ್ಗಿ ಕಡೆ ನಮ್ಮಲ್ಲಿ ಅದೇ ಪದ್ಧತಿ, ಮಾವ ಇದ್ದರೆ ಹೊರಗೆ ಹುಡುಕುವುದಿಲ್ಲ. ಅವನಿಗೆ ಇರುಳುಗಣ್ಣು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದ, ಗೋಡೆ ಸವರಿಕೊಂಡು ನಡೆಯುತ್ತಿದ್ದ. ಅವನ ತಾಯಿ, ಅಂದರೆ ನನ್ನ ಅಜ್ಜಿ, ನುಗ್ಗೆ ತಪ್ಪಲು, ಗಜ್ಜರಿ ತಿನಿಸಿ ತಿನಿಸಿ ಸೋತಳು. ಗಾರೆ ಕೆಲಸಕ್ಕೆ ಅಂತ ಪುಣೆಗೆ ಬಂದ ಮೇಲೆ ಹಗಲಲ್ಲೂ ನೋಟ ಕಡಿಮೆಯಾಯಿತು. ಎದುರಿಗೆ ಕೂತರೆ ನನ್ನ ಮುಖ ಕಾಣುತ್ತಿತ್ತು, ಪಕ್ಕದಲ್ಲಿಟ್ಟ ತಟ್ಟೆ ಕಾಣುತ್ತಿರಲಿಲ್ಲ. ಕೆಲಸ ಹೋದೀತು ಅಂತ ಯಾರಿಗೂ ಹೇಳಲಿಲ್ಲ. ಹೇಳಬೇಡ ಅಂತ ನನಗೂ ಅಂದ. ಒಂದು ಸಂಜೆ ಕಟ್ಟುತ್ತಿದ್ದ ಕಟ್ಟಡದ ಸ್ಲ್ಯಾಬಿನ ಅಂಚಿನಿಂದ ಕೆಳಗೆ ಬಿದ್ದು ಸತ್ತ. ಕುಡಿದಿದ್ದ ಅಂತ ಜನ ಆಡಿಕೊಂಡರು. ಅವನು ಕುಡಿಯುತ್ತಿರಲಿಲ್ಲ. ಮಗ ಆಗ ಸಣ್ಣವನು, ತಂದೆಯ ಕಣ್ಣಿನ ವಿಷಯ ಅವನಿಗೆ ತಿಳಿಯದು. ನಾನೂ ಎತ್ತಲಿಲ್ಲ.

ಸಾಹೇಬರು ಹೋದ ಮೇಲೆ ಕೇಳಿದೆ.

"ಕತ್ತಲದಾಗ ನಿನಗ ಏನ್ ಕಾಣ್ತದ?"

"ಎಲ್ಲಾರಿಗೆ ಕಂಡಷ್ಟ."

"ಎಲ್ಲಾರಿಗೆ ಎಷ್ಟ ಕಾಣ್ತದ ಅನ್ನೂದು ನಿನಗ ಹ್ಯಾಂಗ ಗೊತ್ತು?"

ಅವನು ಬ್ಯಾಂಡೇಜು ಮುಟ್ಟಿಕೊಳ್ಳುತ್ತಾ ಕೂತ. ಆಮೇಲೆ ಹೇಳಿದ. ಟೇಕಡಿಯ ನೆತ್ತಿಯ ಮೇಲೆ ಸಾಹೇಬರು ಎಲ್ಲರನ್ನೂ ನಿಲ್ಲಿಸಿ, ದೀಪ ಆರಿಸಿರಿ ಅಂದರಂತೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ, ದಾರಿ ತಾನೇ ಕಾಣುತ್ತದೆ, ಹೊಸಬರ ಅಂಜಿಕೆ ಹೋಗಲಿಕ್ಕೆ ಇದೇ ಮದ್ದು ಅಂತ. ಎಲ್ಲರೂ ನಿಂತರು. ಒಬ್ಬ, ಹಾಂ, ಬೆಳ್ಳಗೆ ಕಾಣುತ್ತಿದೆ ಅಂದ. ಇನ್ನೊಬ್ಬ, ಕೆಳಗೆ ದನ ಮಲಗಿವೆ ನೋಡು ಅಂದ.

"ನನಗ ಏನೂ ಕಾಣಲಿಲ್ಲವಾ. ನನ್ನ ಕೈ ಸುದ್ದಾ ಕಾಣಲಿಲ್ಲ. ಚಾಷ್ಟಿ ಮಾಡಾಕತ್ತಾರ ಅಂತ ತಿಳಕೊಂಡ್ನಿ. ನಾನೂ ಹೌದ್ ಹೌದು, ದನಾ ಅದಾವು ಅಂದ್ನಿ."

ಅವನ ವಯಸ್ಸಿಗೆ ಅಷ್ಟು ದಿನ ಗೊತ್ತಾಗಲಿಲ್ಲವೇ ಅಂತ ಕೇಳುವವರು ಕೇಳಬಹುದು. ಈ ಊರಿನಲ್ಲಿ ಕತ್ತಲು ಎಲ್ಲಿದೆ? ಓಣಿಗೆ ದೀಪ, ರಸ್ತೆಗೆ ದೀಪ, ಶೆಡ್ಡಿಗೆ ಸೂರ್ಯನಂಥ ದೀಪ. ಕಂಪನಿ ಬಸ್ಸು ಮನೆ ಹತ್ತಿರ ಇಳಿಸುತ್ತದೆ. ಅವನು ಹುಟ್ಟಿದ್ದು ಬೆಳೆದದ್ದು ಇಲ್ಲಿ. ಕತ್ತಲು ಅಂದರೆ ಏನು ಅಂತ ಆ ಟೇಕಡಿಯ ಮೇಲೆಯೇ ಅವನಿಗೆ ಸಿಕ್ಕಿದ್ದು.

"ನಿಮ್ಮಪ್ಪನ ಕಣ್ಣು ನಿನಗ ಬಂದಾವ," ಅಂದೆ. ಮುಚ್ಚಿಟ್ಟು ಹೇಳಿದರೆ ಕಡಿಮೆಯಾಗುವ ಮಾತಲ್ಲ ಅದು.

ಕಣ್ಣಿನ ಆಸ್ಪತ್ರೆಗೆ ಮೂವರೂ ಹೋದೆವು. ಬಿಳಿ ಬೋಗುಣಿಯಂಥದರಲ್ಲಿ ಮುಖ ಇಡಿಸಿದರು. ಒಳಗೆ ಚುಕ್ಕೆಯಷ್ಟು ಬೆಳಕು ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಅವನಿಗಿಂತ ಮುಂಚೆ ಕೂತಿದ್ದ ಮುದುಕ ಟಿಕ್ ಟಿಕ್ ಅಂತ ಒತ್ತುತ್ತಲೇ ಇದ್ದ. ನನ್ನ ಮಗ ಸುಮ್ಮನೆ ಕೂತಿದ್ದ. ಸೊಸೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ ಅಂದಳು. ಹೋದದ್ದನ್ನು ತಿರುಗಿ ತರುವ ಔಷಧ ಇವನಿಗೆ ಇಲ್ಲ, ಎಷ್ಟು ವರ್ಷ ಎಷ್ಟು ಉಳಿಯುತ್ತದೆ ಹೇಳಲಾರೆ, ಗಾಡಿ ಓಡಿಸಬಾರದು. ಆಮೇಲೆ ನನ್ನನ್ನು ಕೇಳಿದಳು, ನೀವು ಗಂಡ ಹೆಂಡತಿ ಸಂಬಂಧಿಕರೇ ಅಂತ. ಹೌದು, ತಾಯಿಯ ತಮ್ಮ ಅಂದೆ. ಒಳಸಂಬಂಧದಲ್ಲಿ ಇದು ಹೆಚ್ಚು ಬರುತ್ತದೆ ಅಂತ ಅವಳು ತಲೆ ಆಡಿಸಿ ಬರೆದುಕೊಂಡಳು. ಮಗ, ಸೊಸೆ ಇಬ್ಬರ ಕಡೆ ತಿರುಗಿ ಅದನ್ನೇ ಕೇಳಿದಳು.

ಸೊಸೆ ಮರಾಠಿಯಲ್ಲಿ ಪಟಪಟ ಹೇಳಿದಳು. ನಾನು ಶಿರೂರಿನವಳು, ಇವರಿಗೆ ಏನೂ ಆಗಬೇಕಾದವಳಲ್ಲ. ಈ ಆಯಿ ತಮ್ಮ ತಮ್ಮನ ಮಗಳನ್ನು ಮಗನಿಗೆ ತರಬೇಕು ಅಂತ ಕೂತಿದ್ದರು. ಮದುವೆಗೆ ಬಂದರೂ ಊಟ ಮಾಡದೆ ಹೋದರು.

ಅದು ಖರೆ. ಊಟ ಮಾಡಿರಲಿಲ್ಲ.

"ಹಾಗಿದ್ದರೆ ಮಗುವಿಗೆ ಬರುವ ಸಂಭವ ಕಡಿಮೆ," ಅಂದಳು ಡಾಕ್ಟರು. "ಆದರೂ ಒಮ್ಮೆ ಕರೆದುಕೊಂಡು ಬನ್ನಿ."

ರಿಕ್ಷಾ ಹಿಡಿದು ಮನೆಗೆ ಹೊರಟೆವು. ಸೊಸೆ ನನ್ನ ಪಕ್ಕದಲ್ಲಿ ಕೂತಿದ್ದಳು. ಒಳಸಂಬಂಧದ ಆ ಮಾತನ್ನು ಹಿಡಿದು ಅವಳು ನನ್ನನ್ನು ಅವತ್ತು ಏನು ಬೇಕಾದರೂ ಅನ್ನಬಹುದಿತ್ತು. ಅನ್ನಲಿಲ್ಲ.

ಮನೆಗೆ ಬಂದ ಮೇಲೆ ಮಗ, "ಸಾಹೇಬ್ರಿಗೆ ಹೇಳಬ್ಯಾಡ್ರಿ. ಶೆಡ್ಡಿನ್ಯಾಗ ಬೆಳಕ ಅದ, ನಡೀತದ," ಅಂದ.

"ಬಾಜೂಕ ನಿಂತವರು ಕಾಣ್ತಾರೇನು?"

ಅವನು ಬಾಗಿ ಚಪ್ಪಲಿ ಬಿಚ್ಚಲಿಕ್ಕೆ ಹತ್ತಿದ.

"ಸಾಹೇಬಂದು ಕಾಲ ಉಳೀತು, ಸೈಕಲ್ ಇತ್ತು. ನಾಳೆ ಆ ಗಾಡಿ ಕೆಳಗ ಯಾರರ ಬಂದ್ರ?"

"ಕೆಲಸಾ ಹೋದ್ರ ತಿನ್ನಾಕ ಏನ್ ಕೊಡ್ತಿ, ನೀ ಹೇಳು."

"ರೊಟ್ಟಿ ಕೊಡ್ತೀನಿ. ನಿಮ್ಮಪ್ಪ ಹೇಳಬ್ಯಾಡ ಅಂದ, ನಾ ಹೇಳಲಿಲ್ಲ. ಹೆಣಾ ಹೊತ್ಕೊಂಡ ಬಂದ್ರು. ನೀ ಹೇಳ್ತಿಯೋ, ನಾ ಬಸ್ ಹತ್ತಿ ಬಂದು ಹೇಳಲ್ಯೋ?"

ಅವನೇ ಹೇಳಿದ. ಸಾಹೇಬರು ಆ ಸಂಜೆ ಮನೆಗೆ ಬಂದರು. ಕೊಟ್ಟ ಚಹಾ ಹಾಗೇ ಆರಿತು. "ನನಗ ತಿಳೀಬೇಕಾಗಿತ್ತರಿ ಅವ್ವಾರ," ಅಂತ ಎರಡು ಸಲ ಅಂದರು. ಮಗನನ್ನು ಗಾಡಿಯಿಂದ ಇಳಿಸಿ, ಒಂದೇ ಕಡೆ ಕೂತು ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಅದಾದರೂ ಸಿಕ್ಕಿತು. ಕಣ್ಣು ಇರುವ ತನಕ ಅದು.

ಸೈಕಲ್ ಇಟ್ಟುಕೋ, ಹಗಲು ಹೊಡಿ ಅಂದರು. ಮಗ ಕೇಳಲಿಲ್ಲ. ಭಾನುವಾರ ಬಕೀಟು ತಗೊಂಡು ಕೂತು ಟೈರಿನ ಹಲ್ಲಿನೊಳಗಿನ ಮಣ್ಣನ್ನು ಕಡ್ಡಿಯಿಂದ ಕೆದರಿ ಕೆದರಿ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ. ದೀಪಗಳನ್ನು ಅರಿವೆಯಲ್ಲಿ ಸುತ್ತಿದ. ಒಬ್ಬ ಗೆಳೆಯ ಬಂದು ಹೆಗಲ ಮೇಲೆ ಹಾಕಿಕೊಂಡು ಹೋದ.

ಮೊಮ್ಮಗಳನ್ನು ಆಸ್ಪತ್ರೆಗೆ ಒಯ್ಯುವುದು ಮುಂದಿನ ವಾರ ಅಂತಿತ್ತು. ಅಲ್ಲಿಯ ತನಕ ಸೊಸೆಗೆ ತಡೆಯಲಿಲ್ಲ. ಅದೇ ಭಾನುವಾರ ರಾತ್ರಿ ಊಟವಾದ ಮೇಲೆ ಬಾಗಿಲು ಹಾಕಿ, ಕಿಟಕಿಗೆ ಕೌದಿ ಇಳಿಬಿಟ್ಟು, ದೀಪ ಆರಿಸಿದಳು. ಯಾಕೆ ಅಂತ ನಾನು ಕೇಳಲಿಲ್ಲ. ಬಾಗಿಲ ಸಂದಿಯಿಂದ ಒಂದು ಎಳೆ ಬೆಳಕು ಬರುತ್ತಿತ್ತು. ನಮ್ಮ ಕಣ್ಣು ಹೊಂದಿಕೊಳ್ಳುವ ತನಕ ಸುಮ್ಮನಿದ್ದೆವು. ಮಗ ಹೊರಸಿನ ಮೇಲೆ ಗೋಡೆಗೆ ಒರಗಿದ್ದ.

ಸೊಸೆ ಹುಡುಗಿಯ ಮುಂದೆ ಒಂದು ಪಾತ್ರೆ ಎತ್ತಿ ಹಿಡಿದಳು. "ಇದೇನು?"

"ಡಬರಿ."

ನಾನು ಲಟ್ಟಣಿಗೆ ಎತ್ತಿದೆ. "ಇದು?"

"ಲಟ್ಟಣಿಗಿ, ಆಜಿ."

ಸೊಸೆ ಬಾಚಣಿಗೆ ಎತ್ತಿದಳು. ಹುಡುಗಿ ಹೇಳಿದಳು. ನಾನು ಸೂಜಿಯ ಡಬ್ಬಿ ಎತ್ತಿದೆ. ಅದನ್ನೂ ಹೇಳಿದಳು. ಸೊಸೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹುಡುಗಿಗೆ ಆಟ ರುಚಿ ಹತ್ತಿತು. ತಾನೇ ಏನೋ ಒಂದನ್ನು ತೆಗೆದುಕೊಂಡು ಹೊರಸಿನ ಹತ್ತಿರ ಹೋಗಿ ತಂದೆಯ ಮುಖದ ಮುಂದೆ ಹಿಡಿದಳು.

"ಈಗ ಪಪ್ಪಾಂದು. ಹೇಳು."

ಅವನು ಅವಳ ದನಿ ಬಂದ ಕಡೆ ಮುಖ ತಿರುಗಿಸಿದ. ಸ್ವಲ್ಪ ಆಚೆ ತಿರುಗಿತ್ತು.

"ನೀನ ಹೇಳು," ಅಂದ.

"ಚಮಚಾ. ಇಷ್ಟೂ ಕಾಣಂಗಿಲ್ಲೇನು?"

"ಇಲ್ಲವಾ, ಕಾಣಂಗಿಲ್ಲ," ಅಂದ.

ಮಗಳ ಮುಂದೆ ಅವನು ಅದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಸೊಸೆ ಏಳಲಿಲ್ಲ. ನಾನೇ ಎದ್ದು ದೀಪ ಹಚ್ಚಿದೆ.