ಅಜ್ಜಿಯ ಹೊಕ್ಕುಳದ ತುರಿಕೆ

ನನ್ನ ಅಪ್ಪನ ತಾಯಿ, ನಮ್ಮಜ್ಜಿ, ನಡೆಯುವಾಗ ಎಡಗೈಯನ್ನು ಸದಾ ಹೊಟ್ಟೆಗೆ ಒತ್ತಿ ಹಿಡಿದಿರುತ್ತಿದ್ದಳು. ಪಾಪ, ಹೊಟ್ಟೆನೋವಿನ ಮುದುಕಿ ಎಂದು ಸುರಪುರದ ನಮ್ಮ ಓಣಿಯವರೆಲ್ಲ ತಿಳಿದಿದ್ದರು.

ಅವಳಂಥ ಸಂಶಯದ ಪ್ರಾಣಿಯನ್ನು ನಾನು ಮತ್ತೆ ಕಂಡಿಲ್ಲ. ರಜಾಕಾರರ ಹಾವಳಿ ಅಡಗಿ, ನಿಜಾಮನ ಆಡಳಿತವೂ ಹೋಗಿತ್ತು. ಜನ ಅಂಗಳದಲ್ಲಿ ನಿಶ್ಚಿಂತೆಯಿಂದ ಮಲಗತೊಡಗಿದ್ದರು. ಅಜ್ಜಿ ಮಾತ್ರ ಹಗಲಲ್ಲೇ ಅಗುಳಿ ಹಾಕುತ್ತಿದ್ದಳು. "ರಾಜ್ಯ ಬದಲಾತಂತ ಕಳ್ಳರು ಭಜನಿಗೆ ಹೋಗ್ಯಾರೇನು?" ಎನ್ನುತ್ತಿದ್ದಳು. ಅವಳ ಸಂದೂಕದ ಕೀಲಿಕೈ ಎಲ್ಲಿದೆಯೆಂಬುದು ಹೆತ್ತ ಮಗನಿಗೂ ಗೊತ್ತಿರಲಿಲ್ಲ.

ಉಷ್ಣ ಇಳಿಯಲೆಂದು ಅವ್ವ ದಿನಾ ಸಂಜೆ ಅತ್ತೆಯ ಹೊಕ್ಕುಳಕ್ಕೆ ಹರಳೆಣ್ಣೆ ಹಚ್ಚುತ್ತಿದ್ದಳು. ಆ ಬೇಸಿಗೆಯಲ್ಲಿ ಹೊಕ್ಕುಳದ ಸುತ್ತ ಕೆಂಪು ಗುಳ್ಳೆಗಳೆದ್ದವು; ಕೆರೆದಲ್ಲಿ ನೀರು ಒಸರಿತು. ಮೈಮೇಲೆ ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ. ಅಜ್ಜಿಗೆ ಅಷ್ಟೇ ಸಾಕಾಯಿತು.

"ಎಣ್ಣ್ಯಾಗ ಏನ್ ಹಾಕೀಯವ್ವಾ? ಮಾಟ ಮಾಡ್ಸೀಯೇನು?"

ಅವ್ವ ಎಣ್ಣೆಯ ಬಟ್ಟಲು ಹಿಡಿದು ಅಳುತ್ತ ನಿಂತಳು. ಅಜ್ಜಿ ಅಂದೇ ಎಣ್ಣೆ ನಿಲ್ಲಿಸಿದಳು. ಅಮಾವಾಸ್ಯೆ ಕಳೆಯುತ್ತಲೇ ಸೊಸೆಯನ್ನು ಶಹಾಪುರದ ತವರಿಗೆ ಬಿಟ್ಟುಬರಬೇಕೆಂದು ಅಪ್ಪನಿಗೆ ತಾಕೀತು ಮಾಡಿದಳು. ಅಪ್ಪ ಗಾಡಿ ಗೊತ್ತುಮಾಡಲು ಹೋದ. ಸಣ್ಣ ಹುಡುಗಿ ನಾನು, ಹೆದರಿ ಅವ್ವನ ಸೆರಗು ಬಿಡದೆ ತಿರುಗಿದೆ.

ಹೊರಡುವ ದಿನ, ಬಟ್ಟೆಯ ಗಂಟು ಕಟ್ಟಿಟ್ಟು, ಅವ್ವ ಧೈರ್ಯ ಮಾಡಿ ಅತ್ತೆಯ ಎದುರು ಕೂತಳು.

"ಅವತ್ತಿನಿಂದ ನಾ ಎಣ್ಣಿ ಮುಟ್ಟೇ ಇಲ್ರಿ ಅತ್ತಿ. ಆದ್ರೂ ಯಾಕ ಹೆಚ್ಚಾಗಾಕತ್ತದ? ಒಂದ್ಸಲ ತೋರಸ್ರಿ."

ಅಜ್ಜಿ ಗೊಣಗುತ್ತ ಸೀರೆ ಸಡಿಲಿಸಿದಳು. ನಿರಿಗೆಯೊಳಗಿಂದ ಠಣ್ಣೆಂದು ಬಿತ್ತು ಸಂದೂಕದ ಕೀಲಿಕೈ! ಆ ಬೇಸಿಗೆಯ ಮೊದಲಿಗೆ ಅಜ್ಜಿ ಯಾದಗಿರಿಯ ಅಂಗಡಿಯಲ್ಲಿ ಗಿಲೀಟಿನ ಲೇಪ ಹಾಕಿಸಿದ್ದ, ಉಂಗುರದಂಥ ತಲೆಯ ಕೀಲಿಕೈ. ಹೊಕ್ಕುಳದ ಸುತ್ತಲಿನ ಹುಣ್ಣೂ ಅಷ್ಟೇ ಅಗಲದ ಉಂಗುರ. ಎಣ್ಣೆ ಹಚ್ಚಿಸಿಕೊಳ್ಳುವಾಗ ಅದನ್ನು ಮುಷ್ಟಿಯಲ್ಲಿ ಅಡಗಿಸುತ್ತಿದ್ದಳಂತೆ. ಉಳಿದ ಹೊತ್ತೆಲ್ಲ ಬೆವರಿನ ಮೈಗೆ ಅದನ್ನು ಒತ್ತಿಕೊಂಡೇ ಓಡಾಡಿದ್ದಳು. ನಾನು ಕಿಸಕ್ಕನೆ ನಕ್ಕೆ. ಬೆನ್ನಿಗೆ ಅಜ್ಜಿಯದೊಂದು ಗುದ್ದು ಬಿತ್ತು.

ಅಜ್ಜಿ ಕೀಲಿಕೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಆ ಯಾದಗಿರಿ ಅಂಗಡ್ಯಾಂವ ಏನೋ ಸವರಿ ಕೊಟ್ಟಾನ," ಎಂದಳು. ಆಮೇಲೆ ಕೀಲಿಕೈಯನ್ನು ಅವ್ವನ ಉಡಿಗೆ ಹಾಕಿದಳು.

"ಹಿಡಿ, ಇನ್ನ ನೀನ ಇಟ್ಕೊ. ಎಲ್ಲಿ ಇಟ್ಟೀ ಅಂತ ನನಗೂ ಹೇಳಬ್ಯಾಡ. ಗಂಟು ಬಿಚ್ಚು, ರೊಟ್ಟಿ ಬಡಿ."

ತಪ್ಪಾಯಿತೆಂಬ ಮಾತು ಅವಳ ಬಾಯಿಗೆ ಬರುವಂಥದ್ದಲ್ಲ. ನನಗೆ ಅವ್ವ ಉಳಿದಳು, ಅದೇ ದೊಡ್ಡದು. ಮುಂದೆ ಅಜ್ಜಿ ಹಾಸಿಗೆ ಹಿಡಿದಾಗ ಅಪ್ಪ ಔಷಧಿ ಕೊಟ್ಟರೆ ಮೂಸಿ ನೋಡಿ, ಏನಿದು ಎಂದು ಹತ್ತು ಸಲ ಕೇಳುತ್ತಿದ್ದಳು. ಅವ್ವ ಕೊಟ್ಟರೆ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು.